ಉತ್ತರ ಗೊತ್ತಿತ್ತು, ಮಾತಾಡೋಕೆ ಯಾರನ್ನ ಕೇಳ್ಬೇಕು ಅಂತ ಗೊತ್ತಾಗ್ಲಿಲ್ಲ



ಉದ್ದದ ಪೋಸ್ಟ್ ಇದು. ಪುರುಸೊತ್ತಾದಾಗ ಓದಿ. ಹೋರಾಟದ ಕರೆ ಅಲ್ಲ, ಪ್ರೆಸ್ ನೋಟೂ ಅಲ್ಲ. ನಮ್ಮ ಮನೆ ವಿಷಯ. ಬರೀಬೇಕೋ ಬೇಡ್ವೋ ಅಂತ ಬಹಳ ದಿನ ಯೋಚಿಸಿ, ಮನೆಯವರನ್ನೆಲ್ಲ ಕೇಳಿ, ಅವರು ಒಪ್ಪಿದ ಮೇಲೆ ಬರೀತಿದ್ದೀನಿ.

ಎರಡು ವರ್ಷದ ಹಿಂದೆ ನನ್ನ ಮಗಳು ಬಿಕಾಂ ಕೊನೇ ವರ್ಷದಲ್ಲಿದ್ದಳು. ಕಾಲೇಜಿಗೆ ಒಂದು ಕಂಪನಿಯವರು ಬಂದು ಕೆಲಸಕ್ಕೆ ಆಯ್ಕೆ ಮಾಡ್ತಿದ್ದರು. ಲಿಖಿತ ಪರೀಕ್ಷೆಯಲ್ಲಿ ಪಾಸಾದಳು. ಆಮೇಲೆ ಗ್ರೂಪ್ ಡಿಸ್ಕಷನ್. ಹತ್ತು ಮಕ್ಕಳನ್ನ ದುಂಡಗೆ ಕೂರಿಸಿ, ಒಂದು ವಿಷಯ ಕೊಟ್ಟು, ಹದಿನೈದು ನಿಮಿಷ ಮಾತಾಡಿ ಅಂದರಂತೆ. ಆ ಹದಿನೈದು ನಿಮಿಷದಲ್ಲಿ ನನ್ನ ಮಗಳು ಒಂದು ಮಾತೂ ಆಡಲಿಲ್ಲ. ಸಂಜೆ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಪ್ಲೇಸ್‌ಮೆಂಟ್ ನೋಡ್ಕೊಳ್ಳೋ ಮೇಷ್ಟ್ರು, 'ನಿಂಗೆ ಸಾಫ್ಟ್ ಸ್ಕಿಲ್ ಸಾಲ್ದಮ್ಮ, ಎಲ್ಲಾದ್ರೂ ಕೋರ್ಸ್ ಸೇರ್ಕೋ' ಅಂತ ಹೇಳಿ ಕಳಿಸಿದರು.

ಮನೆಗೆ ಬಂದಳು. ನಾನು ಕೇಳಿದ ಮೊದಲ ಪ್ರಶ್ನೆ: 'ಯಾಕಮ್ಮ, ವಿಷಯ ಗೊತ್ತಿರ್ಲಿಲ್ವಾ?'

ಅವಳು ಹೇಳಿದ್ದು ಇಷ್ಟೇ: 'ಗೊತ್ತಿತ್ತು ಅಪ್ಪ. ಮಾತಾಡೋಕೆ ಯಾರನ್ನ ಕೇಳ್ಬೇಕು ಅಂತ ಗೊತ್ತಾಗ್ಲಿಲ್ಲ.'

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೊದಲು ಬಂದಿದ್ದು ಸಿಟ್ಟು. ಕಂಪನಿ ಮೇಲೆ, ಕಾಲೇಜಿನ ಮೇಲೆ. ಆತ್ಮವಿಶ್ವಾಸ ಅಂದ್ರೆ ಏನು ಅಂತ ತೀರ್ಮಾನ ಮಾಡೋರು ಯಾರು? ಒಳ್ಳೇ ಇಂಗ್ಲಿಷು, ಸಿಟಿ ಮಕ್ಕಳ ಕೂರೋ ಭಂಗಿ, ಅವರ ನಗು, ಇದನ್ನೇ ಅಳತೆಗೋಲು ಮಾಡ್ಕೊಂಡು ನಮ್ಮ ಮಕ್ಕಳನ್ನ ಹೊರಗಿಡ್ತಾರೆ ಅಂತ ಒಂದು ಪೋಸ್ಟನ್ನೇ ಟೈಪ್ ಮಾಡಿದ್ದೆ. ಅದರಲ್ಲಿ ಸುಳ್ಳೇನೂ ಇಲ್ಲ. ಇವತ್ತೂ ಆ ಮಾತಿಗೆ ನಾನು ಬದ್ಧ.

ಆದರೆ ಪೋಸ್ಟ್ ಮಾಡೋ ಮುಂಚೆ ನನ್ನಾಕೆಗೆ ಓದಿ ಹೇಳಿದೆ. ಅವಳು ಅಂಗನವಾಡಿ ಕಾರ್ಯಕರ್ತೆ, ಇಪ್ಪತ್ತು ವರ್ಷದಿಂದ ಮಕ್ಕಳ ಜೊತೆ ಇರೋಳು. ಎಲ್ಲ ಕೇಳಿಸ್ಕೊಂಡು, 'ರೀ, ಕಂಪನಿಯವ್ರು ಹದಿನೈದು ನಿಮಿಷ ಅವಳ ಬಾಯಿ ಕಟ್ಟಿದ್ರು. ನಾವು ಇಪ್ಪತ್ತು ವರ್ಷ ಕಟ್ಟಿದ್ದೀವಲ್ಲ' ಅಂದಳು.

ಪೋಸ್ಟ್ ಅಳಿಸಿದೆ.

*

ನಮ್ಮಪ್ಪನ ವಿಷಯ ಹೇಳ್ತೀನಿ. ಆಗ ಗೊತ್ತಾಗುತ್ತೆ.

ಚಾಮರಾಜನಗರ ಜಿಲ್ಲೆಯ ಒಂದು ಹಳ್ಳಿ ನಮ್ಮದು. ಜೀತ ಪದ್ಧತಿ ರದ್ದತಿ ಕಾನೂನು ಬಂದಿದ್ದು 1976ರಲ್ಲಿ. ಕಾನೂನು ಬಂದರೂ ನಮ್ಮಪ್ಪ ವರ್ಷಗೂಲಿ ಅನ್ನೋ ಹೆಸರಲ್ಲಿ ಇನ್ನೂ ಎಷ್ಟೋ ವರ್ಷ ಅದೇ ಗೌಡರ ಮನೇಲಿ ದುಡಿದ. ನಾನು ಐದಾರು ವರ್ಷದವನಿದ್ದಾಗ ಅವನ ಜೊತೆ ಹೋಗ್ತಿದ್ದೆ. ದಾರೀಲಿ ಅಪ್ಪ ಪಾಠ ಹೇಳ್ಕೊಡ್ತಿದ್ದ. 'ಅವ್ರ ಮೊಖ ನೋಡ್ಬ್ಯಾಡ ಕನ ಮಗ, ನೆಲ ನೋಡು. ಕೇಳುದ್ರೆ ಮಾತ್ರ ಮಾತಾಡು. ಹೂಂ ಬುದ್ಧಿ ಅನ್ನು. ಅವ್ರು ನಗಾಡುದ್ರೆ ನೀನೂ ನಗು, ಜೋರಾಗಿ ನಗ್ಬ್ಯಾಡ.' ಹೆಗಲ ಮೇಲಿದ್ದ ಟವಲ್ಲು ಊರ ಬೀದಿ ಬರ್ತಿದ್ದ ಹಾಗೆ ಕಂಕುಳಿಗೆ ಬರೋದು. ಚಪ್ಪಲಿ ಕೈಗೆ ಬರೋದು.

ಕಣ್ಣು ಎಲ್ಲಿರಬೇಕು, ಕೈ ಎಲ್ಲಿರಬೇಕು, ದನಿ ಎಷ್ಟಿರಬೇಕು, ಯಾವಾಗ ಮಾತು, ಯಾವಾಗ ಮೌನ. ಇವತ್ತು ದುಡ್ಡು ತಗೊಂಡು ಕಲಿಸೋ ಕ್ಲಾಸಲ್ಲೂ ಇದನ್ನೇ ಅಲ್ವಾ ಹೇಳಿಕೊಡೋದು? ನಮ್ಮಪ್ಪ ಬಿಟ್ಟಿ ಕಲಿಸಿದ. ದಿಕ್ಕು ಮಾತ್ರ ಉಲ್ಟಾ. ಅಲ್ಲಿ ತಲೆ ಎತ್ತೋದು ಕಲಿಸ್ತಾರೆ, ಇಲ್ಲಿ ಬಗ್ಗೋದು.

ಅಪ್ಪನ್ನ ನಾನು ಬೈತಿಲ್ಲ. ಆ ಪಾಠ ಕಲೀದೇ ಇದ್ದಿದ್ರೆ ಏಟು ಬೀಳ್ತಿತ್ತು. ಮಗ ಬದುಕಲಿ ಅಂತ ಕಲಿಸಿದ. ಇನ್ನೊಂದು ಮಾತೂ ಹೇಳಬೇಕು. ನಮ್ಮ ಜನಕ್ಕೆ ಈ ಕೌಶಲ್ಯ ಇಲ್ಲ ಅನ್ನೋದನ್ನ ನಾನು ಒಪ್ಪಲ್ಲ. ಗೌಡರು ಒಳಗೆ ಕೆಮ್ಮಿದ ಸದ್ದಿನಲ್ಲೇ ಇವತ್ತು ಸಾಲ ಕೇಳಬಹುದಾ ಬೇಡ್ವಾ ಅಂತ ನಮ್ಮಪ್ಪ ಹೇಳ್ತಿದ್ದ. ಬೀದೀಲಿ ಜಗಳ ಬಿದ್ದರೆ ನಮ್ಮವ್ವ ಇಬ್ಬರನ್ನೂ ಬೇರೆಬೇರೆ ಕೂರಿಸಿ, ಇಬ್ಬರ ಮಾತೂ ಪೂರ್ತಿ ಕೇಳಿ, ರಾತ್ರಿಯೊಳಗೆ ಒಂದೇ ತಟ್ಟೇಲಿ ಉಣ್ಣೋ ಹಾಗೆ ಮಾಡೋಳು. ಇನ್ನೊಬ್ಬರ ಮನಸ್ಸು ಓದೋದು, ರಾಜಿ ಮಾಡೋದು, ಕಷ್ಟದಲ್ಲೂ ಧೃತಿಗೆಡದೆ ಇರೋದು ನಮ್ಮವರಿಗೆ ಯಾರೂ ಕಲಿಸಬೇಕಿಲ್ಲ. ನಮ್ಮ ಹತ್ರ ಇಲ್ಲದೇ ಇದ್ದಿದ್ದು ಒಂದೇ: 'ನನ್ನ ಮಾತಿಗೂ ಬೆಲೆ ಇದೆ' ಅನ್ನೋ ನಂಬಿಕೆ. ಅದನ್ನ ನಮ್ಮಿಂದ ಕಿತ್ಕೊಂಡಿದ್ದರು.

ನಾನು ಬಿಎ ಮಾಡಿ, ಪರೀಕ್ಷೆ ಬರೆದು, ಗುಮಾಸ್ತನಾಗಿ ಕೆಲಸಕ್ಕೆ ಸೇರಿದ ದಿನ ಸಾಹೇಬರು 'ಕೂತ್ಕೊಳ್ಳಿ' ಅಂದರು. ಕುರ್ಚಿ ತುದೀಲಿ ಕೂತೆ. ಅರ್ಧ ಗಂಟೆ ಹಾಗೇ ಕೂತಿದ್ದೆ, ತೊಡೆ ನೋವು ಬಂತು. ಪೂರ್ತಿ ಕುರ್ಚಿ ನನ್ನದು ಅಂತ ದೇಹಕ್ಕೆ ಗೊತ್ತಾಗೋಕೆ ವರ್ಷಗಳೇ ಬೇಕಾದವು.

ನನಗೆ ಮಾತು ಬಂದಿದ್ದು ಸಂಘಟನೆಯಿಂದ. ಪ್ರೊ. ಬಿ. ಕೃಷ್ಣಪ್ಪನವರ ಕಾಲದಿಂದ ದಲಿತ ಚಳವಳಿ ನಡೆಸ್ಕೊಂಡು ಬಂದ ಅಧ್ಯಯನ ಶಿಬಿರಗಳ ಬಗ್ಗೆ ನಿಮಗೆ ಗೊತ್ತೇ ಇದೆ. ಅಂಥ ಒಂದು ಶಿಬಿರದಲ್ಲಿ ನಮ್ಮನ್ನ ದುಂಡಗೆ ಕೂರಿಸಿ, ಒಬ್ಬೊಬ್ಬರೂ ಐದು ನಿಮಿಷ ಮಾತಾಡ್ಲೇಬೇಕು ಅಂತ ನಿಯಮ ಮಾಡಿದರು. ಮೊದಲ ದಿನ ನನ್ನ ಕೈ ನಡುಗಿ ಕಾಗದ ಬಿತ್ತು. ಯಾರೂ ನಗಲಿಲ್ಲ. ಹಿರಿಯರೊಬ್ಬರು ಕಾಗದ ಎತ್ತಿಕೊಟ್ಟು 'ಹೇಳು ತಮ್ಮ, ನಾವು ಕೇಳ್ತೀವಿ' ಅಂದರು. ಮೂರನೇ ದಿನಕ್ಕೆ ಮಾತು ಬಂತು. ಇವತ್ತು ಡಿಸಿ ಆಫೀಸ್ ಮುಂದೆ ಮೈಕ್ ಇಲ್ಲದೆ ಒಂದು ಗಂಟೆ ಮಾತಾಡ್ತೀನಿ ಅಂದ್ರೆ ಅದಕ್ಕೆ ಕಾರಣ ಆ ಒಂದು ವಾಕ್ಯ.

ಆ ವಾಕ್ಯವನ್ನ ನನ್ನ ಮಗಳಿಗೆ ನಾನು ಯಾವತ್ತಾದ್ರೂ ಹೇಳಿದ್ನಾ? ಇಲ್ಲ.

ಮನೇಲಿ ನಾನು ಹೇಳಿದ್ದೆಲ್ಲ ಬೇರೆ. 'ದೊಡ್ಡೋರು ಮಾತಾಡುವಾಗ ಮಧ್ಯೆ ಬಾಯಿ ಹಾಕ್ಬೇಡ.' 'ಎದುರು ಮಾತಾಡ್ತೀಯಾ?' 'ಹೆಣ್ಮಗು ಅಷ್ಟು ಜೋರಾಗಿ ಮಾತಾಡ್ಬಾರ್ದು.' 'ಹೇಳಿದಷ್ಟು ಮಾಡು.' ಇದರ ಜೊತೆಗೆ 'ಬುದ್ಧಿ' ಅಂತ ಸೇರಿಸಿಬಿಟ್ರೆ ಗೌಡರ ಹಟ್ಟಿ ಮುಂದಿನ ಪಾಠವೇ. ನನ್ನ ಮನೇಲಿ ಗೌಡ ನಾನೇ ಆಗಿದ್ದೆ. ಟವಲ್ಲು ಕಂಕುಳಿಗೆ ಇಡಿಸಿರಲಿಲ್ಲ ಅಷ್ಟೇ.

*

ಬಾಬಾಸಾಹೇಬರ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತೆ. 'ಬುದ್ಧ ಮತ್ತು ಆತನ ಧಮ್ಮ' ಕೃತಿಗೆ ಅವರು 1956ರಲ್ಲಿ ಬರೆದ ಮುನ್ನುಡಿಯಲ್ಲಿ ಇದೆ. ಅವರ ತಂದೆ ರಾಮ್‌ಜಿಯವರು ಮನೆಗೆ ಬಂದು ಕೂತವರ ಮುಂದೆ, ಅಕ್ಕಂದಿರ ಮುಂದೆ, ಮಹಾಭಾರತ ರಾಮಾಯಣದ ಭಾಗಗಳನ್ನ ಭೀಮರಾಯರ ಕೈಲಿ ಗಟ್ಟಿಯಾಗಿ ಓದಿಸ್ತಿದ್ದರು. ವರ್ಷಗಟ್ಟಲೆ ಇದು ನಡೀತು. ಮುಂದೆ ಹುಡುಗ ಪ್ರಶ್ನೆ ಮಾಡಿದ: ಮೇಲಿನವರನ್ನ ಹೊಗಳಿ ನಮ್ಮಂಥವರನ್ನ ಕೀಳು ಮಾಡೋ ಕಥೇನ ಯಾಕೆ ಓದಿಸ್ತೀರಿ?

ತಂದೆಗೆ ಹಿಡಿಸಲಿಲ್ಲ. ನೀವಿನ್ನೂ ಹುಡುಗರು, ಹೇಳಿದಷ್ಟು ಮಾಡಿ ಅಂದುಬಿಟ್ಟರು. ಬಹಳ ಶಿಸ್ತಿನ ಮನುಷ್ಯ, ಅವರ ಮಾತಿಗೆ ಮನೇಲಿ ಎದುರಿಲ್ಲ. ಆದರೂ ಕೆಲವು ದಿನ ಬಿಟ್ಟು ಭೀಮರಾಯರು ಧೈರ್ಯ ಮಾಡಿ ಮತ್ತೆ ಅದೇ ಪ್ರಶ್ನೆ ಕೇಳಿದರು. ಅಷ್ಟರಲ್ಲಿ ತಂದೆ ಉತ್ತರ ತಯಾರು ಮಾಡ್ಕೊಂಡಿದ್ದರು. ನಾವು ಅಸ್ಪೃಶ್ಯರು, ನಿನಗೆ ಕೀಳರಿಮೆ ಬರಬಾರದು, ದ್ರೋಣ, ಕರ್ಣ, ವಾಲ್ಮೀಕಿ ಇವರೆಲ್ಲ ಎಲ್ಲಿಂದ ಎಲ್ಲಿಗೆ ಏರಿದರು ನೋಡು ಅಂತ ತಿಳಿಸಿ ಹೇಳಿದರು. ಮಗನಿಗೆ ಆ ಉತ್ತರ ಪೂರ್ತಿ ಒಪ್ಪಿಗೆಯಾಗಲಿಲ್ಲ. ಯಾವ್ಯಾವ ಪಾತ್ರ ಯಾಕೆ ಇಷ್ಟ ಇಲ್ಲ ಅಂತ ಕಾರಣ ಕೊಟ್ಟು ಹೇಳಿದರು. ತಂದೆ ಸುಮ್ಮನಾದರು. ಮಗ ಬಂಡೆದ್ದಿದ್ದಾನೆ ಅನ್ನೋದು ಅವರಿಗೆ ಅರ್ಥವಾಗಿತ್ತು.

ಇದನ್ನ ನಾನು ಎಷ್ಟು ಸಲ ಓದಿದ್ದೀನೋ ಲೆಕ್ಕ ಇಲ್ಲ. ಪ್ರತಿ ಸಲ ಮಗನ ಬಂಡಾಯವನ್ನೇ ನೋಡಿದ್ದೆ. ಮಗಳ ವಿಷಯ ಆದಮೇಲೆ ಮೊದಲ ಸಲ ಅಪ್ಪನ್ನ ನೋಡಿದೆ. ಮೊದಲು ಬೈದ ಅಪ್ಪ, ಆಮೇಲೆ ಕೂತು ಉತ್ತರ ಯೋಚಿಸ್ಕೊಂಡು ಬಂದ. ಮಗ ಒಪ್ಪದೇ ಹೋದಾಗ ಕೈ ಎತ್ತಲಿಲ್ಲ, ಮೌನವಾದ. ಜನರ ಮುಂದೆ ಗಟ್ಟಿಯಾಗಿ ಓದೋದು, ಪ್ರಶ್ನೆ ಕೇಳೋದು, ಕಾರಣ ಕೊಟ್ಟು ಭಿನ್ನಾಭಿಪ್ರಾಯ ಹೇಳೋದು. ಈ ಮೂರನ್ನೂ ಸಂವಿಧಾನ ಬರೆದ ಮನುಷ್ಯ ಮೊದಲು ಅಭ್ಯಾಸ ಮಾಡಿದ್ದು ಮನೇಲಿ, ಅಪ್ಪನ ಎದುರಿಗೆ.

ನಾನು ಬೈದಿದ್ದೆ. ಆಮೇಲೆ ಉತ್ತರ ತಯಾರು ಮಾಡ್ಕೊಂಡು ಬಂದಿರಲಿಲ್ಲ. ಅಷ್ಟೇ ವ್ಯತ್ಯಾಸ.

*

ಪ್ಲೇಸ್‌ಮೆಂಟ್ ಮೇಷ್ಟ್ರು ಹೇಳಿದ ಕೋರ್ಸ್ ವಿಚಾರಿಸಿದೆ. ಮೂರು ತಿಂಗಳಿಗೆ 18 ಸಾವಿರ. ಸಾಲ ಮಾಡಿ ಕಟ್ಟೋಣ ಅಂತಲೂ ಅಂದ್ಕೊಂಡೆ. ನನ್ನಾಕೆ ಬೇಡ ಅಂದಳು. 'ಅಂಗನವಾಡೀಲಿ ಮೂರು ವರ್ಷದ ಮಗೂನ ನಿಲ್ಲಿಸಿ ಹೆಸರು ಹೇಳು ಅಂತೀವಿ. ಒಂದು ವಾರ ಅಳುತ್ತೆ, ಎರಡನೇ ವಾರ ಹೇಳುತ್ತೆ. ಎಲ್ರೂ ಚಪ್ಪಾಳೆ ಹೊಡೀತಾರೆ. ಅಷ್ಟೇ ಕೋರ್ಸು. ಮನೇಲೇ ಮಾಡೋಣ' ಅಂದಳು.

ವಿಶ್ವ ಆರೋಗ್ಯ ಸಂಸ್ಥೆ ಜೀವನ ಕೌಶಲ್ಯ ಅಂತ ಹತ್ತು ವಿಷಯ ಪಟ್ಟಿ ಮಾಡಿದೆ. ತನ್ನನ್ನ ತಾನು ಅರಿಯೋದು, ಇನ್ನೊಬ್ಬರ ನೋವು ಅರಿಯೋದು, ವಿಮರ್ಶೆ ಮಾಡಿ ಯೋಚಿಸೋದು, ಹೊಸದಾಗಿ ಯೋಚಿಸೋದು, ತೀರ್ಮಾನ ಮಾಡೋದು, ಸಮಸ್ಯೆ ಬಿಡಿಸೋದು, ಪರಿಣಾಮಕಾರಿಯಾಗಿ ಮಾತಾಡೋದು, ಸಂಬಂಧ ಉಳಿಸ್ಕೊಳ್ಳೋದು, ಒತ್ತಡ ನಿಭಾಯಿಸೋದು, ಭಾವನೆ ನಿಭಾಯಿಸೋದು. ನನ್ನಾಕೆ ತರಬೇತಿಗೆ ಹೋದಾಗ ಬರ್ಕೊಂಡು ಬಂದಿದ್ದಳು. ಆ ಹಾಳೇನ ಗೋಡೆಗೆ ಅಂಟಿಸಿದ್ವಿ. ಇದರಲ್ಲಿ ಇಂಗ್ಲಿಷ್ ಅನ್ನೋ ಪದವೇ ಇಲ್ಲ ನೋಡಿ. ಇಂಗ್ಲಿಷ್ ಬೇಕು, ನಮ್ಮ ಮಕ್ಕಳು ಕಲೀಲೇಬೇಕು, ಅದು ಬೇರೆ ಮಾತು. ಆದರೆ ಕನ್ನಡದಲ್ಲಿ ಮನೇಲಿ ಬಾಯಿ ಬಿಡದ ಮಗು ಇಂಗ್ಲಿಷಲ್ಲಿ ಹೊರಗೆ ಬಾಯಿ ಬಿಡಲ್ಲ.

ನಾವು ಮಾಡಿದ್ದನ್ನ ಹೇಳ್ತೀನಿ. ಇದೇ ಸರಿ ಅಂತ ಅಲ್ಲ. ನಮ್ಮನೇಲಿ ನಡೆದಿದ್ದು ಇದು.

1. ಭಾನುವಾರದ ಸಭೆ. ರಾತ್ರಿ ಊಟ ಆದಮೇಲೆ ಅರ್ಧ ಗಂಟೆ. ಎಲ್ಲರೂ ಚಾಪೆ ಮೇಲೆ, ಯಾರಿಗೂ ಕುರ್ಚಿ ಇಲ್ಲ. ಪ್ರತಿ ವಾರ ಒಬ್ಬೊಬ್ಬರು ಅಧ್ಯಕ್ಷರು. ನಮ್ಮವ್ವನಿಂದ ಹಿಡಿದು ಆಗ ಏಳನೇ ಕ್ಲಾಸಲ್ಲಿದ್ದ ಮಗನವರೆಗೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಧ್ಯೆ ಬರಂಗಿಲ್ಲ. ಮೊಬೈಲು ಅಡುಗೆ ಮನೇಲಿ.

ಮೊದಲೆರಡು ವಾರ ಸೊನ್ನೆ. ಮಕ್ಕಳು ನನ್ನ ಮುಖ ನೋಡಿ, ನನಗೆ ಬೇಕಾದ್ದನ್ನೇ ಹೇಳಿದರು. ಮೂರನೇ ವಾರ ಮಗ ಬಾಯಿ ಬಿಟ್ಟ. 'ಅಪ್ಪ ಸಂಘಟನೆ ಮೀಟಿಂಗಲ್ಲಿ ಎಲ್ರ ಮಾತೂ ಕೇಳ್ತಾನೆ. ಮನೆಗೆ ಬಂದ್ರೆ ಮೊಬೈಲ್ ನೋಡ್ಕೊಂಡು ಹೂಂ ಹೂಂ ಅಂತಾನೆ. ನಾನು ಹೇಳಿದ್ದು ಒಂದೂ ಅವನಿಗೆ ನೆನಪಿರಲ್ಲ.'

ಸುಳ್ಳು ಬರೆಯಲ್ಲ, ನನ್ನ ಕೈ ಮೇಲೆದ್ದಿತ್ತು. ನನ್ನಾಕೆ ಒಂದೇ ಮಾತು ಅಂದಳು: 'ಅಧ್ಯಕ್ಷರ ಅಪ್ಪಣೆ ತಗೊಂಡ್ರಾ?' ಆ ವಾರ ಅಧ್ಯಕ್ಷೆ ಮಗಳು. ಅವಳು ನನ್ನ ಕಡೆ ನೋಡಿದಳು. ಹೆದರಿಕೇಲಿ ದನಿ ಸಣ್ಣಗಾಗಿತ್ತು, ಆದರೂ ಹೇಳಿದಳು: 'ಅಪ್ಪ, ಅವನ ಮಾತು ಮುಗಿದಿಲ್ಲ.'

ಕೈ ಇಳಿಸಿದೆ. ಅವನು ಮುಗಿಸಿದ. ಆಮೇಲೆ ನಾನು, 'ನೀನು ಹೇಳಿದ್ದು ನಿಜ. ತಪ್ಪಾಯ್ತು' ಅಂದೆ. ನನ್ನ ಜೀವಮಾನದಲ್ಲಿ ಮಕ್ಕಳಿಗೆ ತಪ್ಪಾಯ್ತು ಅಂದಿದ್ದು ಅದೇ ಮೊದಲು. ಆ ದಿನದಿಂದ ನಮ್ಮನೇಲಿ ಸಭೆ ನಿಜವಾಗಿ ಶುರುವಾಯ್ತು.

2. ಮನೆ ಲೆಕ್ಕ ಮಕ್ಕಳಿಗೂ ಗೊತ್ತಿರಬೇಕು. ನನ್ನ ಸಂಬಳ ಎಷ್ಟು, ಸಾಲ ಎಷ್ಟು, ಸೊಸೈಟಿಗೆ ಎಷ್ಟು ಕಟ್ಟಬೇಕು ಅಂತ ಚಾಪೆ ಮೇಲೆ ಬರೆದು ತೋರಿಸಿದೆ. ಆ ವರ್ಷ ದೀಪಾವಳಿಗೆ ಬಟ್ಟೆಯೋ, ಸೈಕಲ್ಲೋ ಅಂತ ಅವರೇ ತೀರ್ಮಾನ ಮಾಡಿದರು. ಜಗಳ ಆಯ್ತು. ಮಗ ಅತ್ತ. ಆಮೇಲೆ ಅವನೇ, 'ಅಕ್ಕನಿಗೆ ಇಂಟರ್‌ವ್ಯೂಗೆ ಬಟ್ಟೆ ಬೇಕು, ಸೈಕಲ್ ಮುಂದಿನ ವರ್ಷ' ಅಂದ. ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸೋದು ಅಂದ್ರೆ ಇದೇ ತಾನೇ?

3. ಮಕ್ಕಳ ಪರವಾಗಿ ನಾವು ಮಾತಾಡೋದು ನಿಲ್ಲಿಸಿದ್ವಿ. ಬ್ಯಾಂಕಿಗೆ, ಪೋಸ್ಟ್ ಆಫೀಸಿಗೆ, ರೇಷನ್ ಅಂಗಡಿಗೆ ಅವರೇ ಹೋಗಬೇಕು. ಸ್ಕಾಲರ್‌ಶಿಪ್ ಯಾಕೆ ಬಂದಿಲ್ಲ ಅಂತ ಅವರೇ ಕೇಳಬೇಕು. ನಾನು ಹೊರಗೆ ನಿಂತಿರ್ತೀನಿ, ಒಳಗೆ ಬರಲ್ಲ. ಹೋಗೋ ಮುಂಚೆ ಮನೇಲಿ ನಾಟಕ ಆಡ್ತೀವಿ. ನಾನು ಗುಮಾಸ್ತ. ಅದು ನನಗೆ ಸುಲಭ, ದಿನಾ ಮಾಡೋದು ಅದೇ. 'ನಾಳೆ ಬನ್ನಿ' ಅಂತೀನಿ. ಅವರು 'ನಾಳೆ ಎಷ್ಟು ಗಂಟೆಗೆ ಬರ್ಲಿ ಸರ್? ಯಾರನ್ನ ಕೇಳ್ಬೇಕು? ನಿಮ್ಮ ಹೆಸರು ಬರ್ಕೊಳ್ಲಾ?' ಅಂತ ಕೇಳಬೇಕು. ಈ ಮೂರು ಪ್ರಶ್ನೆ ಕೇಳಿದರೆ ಯಾವ ಗುಮಾಸ್ತನೂ ಫೈಲು ಸುಮ್ನೆ ಕೂರಿಸಲ್ಲ. ನನ್ನ ಅನುಭವದ ಮಾತು.

4. ಪೇಪರ್ ಸುದ್ದಿ ಮೂರು ನಿಮಿಷ. ದಿನಾ ಒಬ್ಬರು ಒಂದು ಸುದ್ದಿ ಗಟ್ಟಿಯಾಗಿ ಓದಿ, ಪೇಪರ್ ಮಡಿಚಿಟ್ಟು ತಮ್ಮ ಮಾತಲ್ಲಿ ಹೇಳಬೇಕು. ಕೇಳಿದವರು ಒಂದೊಂದು ಪ್ರಶ್ನೆ. ನಮ್ಮ ಕಡೆ ಮಾತಾಡೋ ಕನ್ನಡದಲ್ಲೇ ಹೇಳಲಿ, ತಿದ್ದಬಾರದು. 'ಹಾ'ಕಾರ 'ಆ'ಕಾರ ಅಂತ ಆಡಿಕೊಂಡು ನಮ್ಮ ಬಾಯಿ ಮುಚ್ಚಿಸಿದ್ದು ಸಾಕು.

5. ಅಜ್ಜಿ ಕಥೆ. ನಮ್ಮವ್ವನಿಗೆ ಓದು ಬರಲ್ಲ. ಆದರೆ ನೀಲಗಾರರ ಬಾಯಲ್ಲಿ ಕೇಳಿದ ಮಂಟೇಸ್ವಾಮಿ ಕಥೇನ ರಾತ್ರಿಯಿಡೀ ಹೇಳ್ತಾಳೆ. ಎಲ್ಲಿ ದನಿ ಏರಿಸಬೇಕು, ಎಲ್ಲಿ ನಿಲ್ಲಿಸಿ ಕಾಯಬೇಕು, ಕೇಳೋರ ಕಣ್ಣು ಎಳೀತಿದೆ ಅಂದಾಗ ಎಲ್ಲಿ ನಗಿಸಬೇಕು ಅನ್ನೋದೆಲ್ಲ ಅವಳಿಗೆ ಗೊತ್ತು. 18 ಸಾವಿರ ಫೀಸು ಕೇಳಿದ ಕೋರ್ಸಿನ ಮೇಷ್ಟ್ರು ನಮ್ಮನೇಲೇ ಎಲಡಿಕೆ ಹಾಕ್ಕೊಂಡು ಕೂತಿದ್ದರು! ಮೊಮ್ಮಕ್ಕಳು ಕೇಳಿ, ಮಾರನೇ ದಿನ ವಾಪಸ್ ಹೇಳಬೇಕು. ತಪ್ಪಿದರೆ, 'ಅಂಗಲ್ಲ ಕನ ಮಗ, ಅಲ್ಲಿ ವಸಿ ನಿಲ್ಬೇಕು' ಅಂತಾಳೆ.

6. ಮನೆಗೆಲಸ ಎಲ್ಲರದು. ಮಗ ತಟ್ಟೆ ತೊಳೀತಾನೆ, ನಾನು ಕಸ ಗುಡಿಸ್ತೀನಿ. ಮೊದಲು ನಮ್ಮವ್ವ ಒಪ್ಪಲಿಲ್ಲ, 'ಗಂಡ್ಮಕ್ಕಳ ಕೈಲಿ ಮುಸುರೆ ತಿಕ್ಕುಸ್ತೀರಾ' ಅಂತ ಎರಡು ದಿನ ಮಾತು ಬಿಟ್ಟಳು. ಆದರೆ ಜಾತಿ ವಿರುದ್ಧ ಮಾತಾಡೋ ಗಂಡಸು ಮನೇಲಿ ಹೆಂಡತಿ, ಮಗಳ ಕೈಲಿ ಸೇವೆ ಮಾಡಿಸ್ಕೊಂಡರೆ ಮಗ ಏನು ಕಲೀತಾನೆ? ಕೆಲವರು ಹುಟ್ಟಿರೋದೇ ಬೇರೆಯವರ ಎಂಜಲು ಎತ್ತೋಕೆ ಅಂತ ಕಲೀತಾನೆ. ಅದನ್ನೇ ಅಲ್ವಾ ನಾವು ನಾಶ ಮಾಡಬೇಕು ಅಂತಿರೋದು?

7. ಹೆಸರಿಟ್ಟು ಹೇಳೋದು. ಸಿಟ್ಟು ಬಂದಿದೆಯಾ, ಅವಮಾನ ಆಗಿದೆಯಾ, ಹೆದರಿಕೆಯಾ? ನಮ್ಮನೇಲಿ ಎಲ್ಲಕ್ಕೂ 'ಏನಿಲ್ಲ ಬುಡು' ಅಂತಿದ್ವಿ. ಈಗ 'ಏನಿಲ್ಲ' ಅನ್ನೋ ಉತ್ತರ ನಡೆಯಲ್ಲ. ಈ ಏಳರಲ್ಲಿ ಇದೇ ಬಹಳ ಕಷ್ಟದ್ದು, ನನಗೇ ಇನ್ನೂ ಪೂರ್ತಿ ಬಂದಿಲ್ಲ.

*

ಈ ಏಳನೇದರಿಂದ ಏನಾಯ್ತು ಅಂತ ಹೇಳಿ ಮುಗಿಸ್ತೀನಿ.

ಮಗ ಈಗ ಒಂಬತ್ತನೇ ಕ್ಲಾಸು. ಕಳೆದ ವರ್ಷ ಒಂದು ದಿನ ಊಟಕ್ಕೆ ಕೂತವನು ಮುದ್ದೆ ಮುಟ್ಟಲಿಲ್ಲ. ಅಕ್ಕ ಕೇಳಿದಳು, 'ಏನಾಗ್ತಿದೆ, ಹೆಸರು ಹೇಳು.' ಅವನು ಸ್ವಲ್ಪ ಹೊತ್ತು ಬಿಟ್ಟು, 'ಅವಮಾನ' ಅಂದ.

ಶಾಲೇಲಿ ಶೌಚಾಲಯಕ್ಕೆ ನೀರು ಹೊತ್ತು ತೊಳೆಯೋ ಕೆಲಸಕ್ಕೆ ಒಬ್ಬ ಮೇಷ್ಟ್ರು ದಿನಾ ನಾಲ್ಕು ಹುಡುಗರನ್ನೇ ಕರೀತಿದ್ದರಂತೆ. ನಾಲ್ಕೂ ನಮ್ಮ ಬೀದಿ ಹುಡುಗರು. ಒಂದು ತಿಂಗಳಿಂದ ನಡೀತಿತ್ತು. ಆ ದಿನ ಇವನು ಎದ್ದು ನಿಂತು, 'ಸರ್, ಎಲ್ರ ಹೆಸರೂ ಬರೆದು ಪಾಳಿ ಹಾಕಿ ಸರ್, ನಾನೂ ನನ್ನ ಪಾಳೀಲಿ ಮಾಡ್ತೀನಿ' ಅಂದನಂತೆ. ಕೈ ಕಟ್ಟಿರಲಿಲ್ಲ, ನೆಲ ನೋಡಿರಲಿಲ್ಲ. ಮೇಷ್ಟ್ರು ಇಡೀ ಕ್ಲಾಸ್ ಮುಂದೆ, 'ನಿಮ್ಮಪ್ಪ ಭಾಷಣ ಮಾಡೋದು ಸಾಲ್ದು ಅಂತ ನೀನೂ ಶುರು ಮಾಡಿದ್ಯಾ' ಅಂತ ಬೈದು ಹೊರಗೆ ನಿಲ್ಲಿಸಿದರಂತೆ.

ಕೇಳ್ತಾ ಕೇಳ್ತಾ ನನ್ನ ಕಣ್ಣ ಮುಂದೆ ನನ್ನದೇ ಐದನೇ ಕ್ಲಾಸು ಬಂತು. ನಾನೂ ಅದೇ ಕೆಲಸ ಮಾಡಿದ್ದೆ. ಒಂದು ವರ್ಷ ಮಾಡಿದ್ದೆ. ಮನೇಲಿ ಒಂದು ದಿನಕ್ಕೂ ಹೇಳಿರಲಿಲ್ಲ. ಹೇಳಿದ್ರೆ ಅಪ್ಪನಿಗೆ ನೋವಾಗುತ್ತೆ, ಅಪ್ಪ ಏನೂ ಮಾಡೋಕಾಗಲ್ಲ, ಕೊನೆಗೆ ನನಗೇ ಬೈತಾನೆ. ಇಷ್ಟು ಲೆಕ್ಕ ಹತ್ತು ವರ್ಷದ ಹುಡುಗನಿಗೆ ಗೊತ್ತಿತ್ತು. ನಲವತ್ತು ದಾಟಿದ ಮೇಲೆ, ಆ ರಾತ್ರಿ, ಮೊದಲ ಸಲ ಅದನ್ನ ಮನೆಯವರ ಮುಂದೆ ಹೇಳಿದೆ. ನಮ್ಮವ್ವ ಸೆರಗಲ್ಲಿ ಮುಖ ಮುಚ್ಚಿಕೊಂಡಳು. 'ಯಾಕ್ಲಾ ಮಗ ನಂಗೆ ಯೋಳ್ನಿಲ್ಲ' ಅಂತ ಕೇಳಿದಳು. ಉತ್ತರ ಇರಲಿಲ್ಲ.

ಮಾರನೇ ದಿನ ಬಾವುಟ ಹಿಡ್ಕೊಂಡು ಶಾಲೆ ಮುಂದೆ ಕೂರೋಣ ಅಂತ ನಾನು ಎದ್ದೆ. ಮಗ ಬೇಡ ಅಂದ. 'ಅಪ್ಪ, ನೀನು ಬಂದ್ರೆ ಅದು ನಿನ್ನ ಹೋರಾಟ ಆಗುತ್ತೆ. ನಾನೇ ಬರೀತೀನಿ.' ನಾಲ್ಕು ಹುಡುಗರೂ ನಮ್ಮನೆ ಚಾಪೆ ಮೇಲೆ ಕೂತು ಎಸ್‌ಡಿಎಂಸಿಗೆ ಅರ್ಜಿ ಬರೆದರು. ಬೈಗುಳ ಇಲ್ಲ, ಅಳು ಇಲ್ಲ. ಯಾವ ದಿನ, ಯಾರನ್ನ ಕರೆದರು, ಎಷ್ಟು ಸಲ, ನಮ್ಮ ಬೇಡಿಕೆ ಏನು. ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದ ನಾನು ಅದರಲ್ಲಿ ಒಂದೇ ಒಂದು ಕಾಗುಣಿತ ತಿದ್ದಿದೆ. ಸಭೆಗೆ ನಾಲ್ಕೂ ಮನೆಯವರು ಹೋದ್ವಿ. ಹುಡುಗರು ಮಾತಾಡಿದರು, ನಾವು ಹಿಂದೆ ನಿಂತಿದ್ವಿ. ಒಬ್ಬ ಸದಸ್ಯರು 'ಏನು, ಚಿಕ್ಕ ವಿಷಯಕ್ಕೆ ಇಷ್ಟೊಂದಾ' ಅಂದಾಗ ನಾನು ಮುಂದೆ ಬಂದು ಅಟ್ರಾಸಿಟಿ ಕಾನೂನಿನ ಹೆಸರು ಹೇಳಬೇಕಾಯ್ತು. ಅದನ್ನೂ ಮುಚ್ಚಿಡಲ್ಲ. ಬರೀ ಒಳ್ಳೇ ಮಾತಿಂದಲೇ ಎಲ್ಲ ಆಗುತ್ತೆ ಅಂದ್ರೆ ಅದು ಸುಳ್ಳು. ಮಕ್ಕಳ ಮಾತಿನ ಬೆನ್ನಿಗೆ ಕಾನೂನೂ ಇರಬೇಕು, ಸಂಘಟನೆಯೂ ಇರಬೇಕು.

ಮಕ್ಕಳ ಕೈಲಿ ಶೌಚಾಲಯ ತೊಳೆಸೋದು ನಿಂತಿತು. ಅಂಗಳ ಗುಡಿಸೋಕೆ, ಗಿಡಕ್ಕೆ ನೀರು ಹಾಕೋಕೆ ಎಲ್ಲರ ಹೆಸರಿನ ಪಾಳಿ ಗೋಡೆಗೆ ಬಂತು. ಆ ಮೇಷ್ಟ್ರು ಈಗಲೂ ನನ್ನ ಮಗನಿಗೆ ಮುಖ ಕೊಟ್ಟು ಮಾತಾಡಲ್ಲ. ಮಗನಿಗೆ ಅದು ನೋವಿದೆ. ಅದನ್ನೂ ಭಾನುವಾರ ಹೇಳ್ತಾನೆ.

ಅದಕ್ಕೇ ಮಕ್ಕಳಿಗೆ ಧೈರ್ಯ ಮಾತ್ರ ಕಲಿಸಿದ್ರೆ ಸಾಲದು. ಎಲ್ಲಿ ಮಾತಾಡಬೇಕು, ಎಲ್ಲಿ ಸುಮ್ಮನೆ ಎದ್ದು ಬಂದು ಮನೇಲಿ ಹೇಳಬೇಕು, ಜೀವಕ್ಕೆ ಅಪಾಯ ಅನ್ನಿಸಿದ್ರೆ ಯಾರಿಗೆ ಫೋನ್ ಮಾಡಬೇಕು ಅನ್ನೋದನ್ನೂ ಕಲಿಸಬೇಕು. ಮಕ್ಕಳ ಸಹಾಯವಾಣಿ 1098 ನಮ್ಮನೆ ಗೋಡೆ ಮೇಲೆ ಆ ಹತ್ತು ಕೌಶಲ್ಯದ ಹಾಳೆ ಪಕ್ಕದಲ್ಲೇ ಬರೆದಿದೆ. ನಮ್ಮ ಊರುಗಳು ಎಂಥವು ಅಂತ ನಿಮಗೆ ನಾನು ಹೇಳಬೇಕಿಲ್ಲ.

ಮಗಳು ಈಗ ಒಂದು ಆಡಿಟರ್ ಆಫೀಸಲ್ಲಿ ಕೆಲಸ ಮಾಡ್ತಿದ್ದಾಳೆ. ಅದಕ್ಕೂ ಮುಂಚೆ ಇನ್ನೂ ಎರಡು ಕಡೆ ಗ್ರೂಪ್ ಡಿಸ್ಕಷನ್‌ಗೆ ಹೋಗಿದ್ದಳು. ಎರಡರಲ್ಲೂ ಆಯ್ಕೆ ಆಗಲಿಲ್ಲ. ಆದರೆ ಎರಡನೇ ಸಲ ಬಂದವಳು ಬ್ಯಾಗು ಇಡೋಕೂ ಮುಂಚೆ, 'ಅಪ್ಪ, ಇವತ್ತು ಮೂರು ಸಲ ಮಾತಾಡ್ದೆ. ಒಬ್ಬ ಮಧ್ಯೆ ಬಂದ, ನನ್ನ ಮಾತು ಮುಗಿದಿಲ್ಲ ಅಂದೆ' ಅಂತ ಹೇಳಿದಳು. ಸೋತು ಬಂದ ಮಗಳಿಗೆ ಆ ದಿನ ನಮ್ಮವ್ವ ಪಾಯಸ ಮಾಡಿದಳು.

ಗೆಳೆಯರೇ, ಹನ್ನೆರಡು ಗಂಟೆ ಗಾರೆ ಕೆಲಸ ಮಾಡಿ ಬರೋ ಅಣ್ಣಂದಿರು, ಗಾರ್ಮೆಂಟ್ಸಿಂದ ರಾತ್ರಿ ಎಂಟಕ್ಕೆ ಇಳಿಯೋ ಅಕ್ಕಂದಿರು ನನ್ನ ಪಟ್ಟೀಲಿ ಬಹಳ ಜನ ಇದ್ದೀರಿ. ಈ ಏಳೂ ಮಾಡಿ ಅಂತ ನಾನು ಹೇಳಲ್ಲ. ನಿಮಗೆ ಬಿಡುವಿಲ್ಲ, ಅದು ನಿಮ್ಮ ತಪ್ಪಲ್ಲ. ಇವತ್ತು ರಾತ್ರಿ ಉಣ್ಣುವಾಗ ಹತ್ತು ನಿಮಿಷ ಮೊಬೈಲ್ ಪಕ್ಕಕ್ಕಿಟ್ಟು ಮಗೂನ ಒಂದು ಮಾತು ಕೇಳಿ. ಉತ್ತರ ನಿಮಗೆ ಇಷ್ಟ ಆಗದಿದ್ರೂ ಮಧ್ಯೆ ತಡೀಬೇಡಿ. 'ಹೇಳು, ನಾವು ಕೇಳ್ತೀವಿ' ಅನ್ನಿ. ನನಗೆ ಒಬ್ಬ ಹಿರಿಯರು ಕೊಟ್ಟಿದ್ದು ಅಷ್ಟೇ.

ಸಂಘಟನೆಯ ಸಂಗಾತಿಗಳಿಗೆ ಒಂದು ವಿನಂತಿ. ಮುಂದಿನ ಶಿಬಿರದಲ್ಲಿ ಒಂದು ಅವಧಿ ಅಪ್ಪ ಅಮ್ಮಂದಿರಿಗೆ ಇಡೋಣ. ಭಾಷಣ ಬೇಡ. ಮಕ್ಕಳನ್ನೂ ಕರೆತರೋಣ, ಅವರು ಮಾತಾಡಲಿ, ನಾವು ಕೇಳೋಣ. ನನ್ನ ಮಗ ಅಧ್ಯಕ್ಷತೆ ವಹಿಸೋಕೆ ತಯಾರಿದ್ದಾನೆ. ಮೊಬೈಲ್ ಮಾತ್ರ ಹೊರಗಿಟ್ಟು ಬನ್ನಿ ಅಂತ ಹೇಳೋಕೆ ಹೇಳಿದ್ದಾನೆ.

ನಿಮ್ಮನೇಲಿ ಏನು ಮಾಡ್ತಿದ್ದೀರಿ, ಎಲ್ಲಿ ಸೋತ್ರಿ, ಕೆಳಗೆ ಬರೀರಿ. ಈ ಭಾನುವಾರ ಸಭೇಲಿ ಓದ್ತೀವಿ.

ಜೈಭೀಮ್.